ಸಣ್ಣ ಪಿನ್, ದಪ್ಪ ಪಿನ್: ಗೋಡೆಯ ಪ್ಲಗ್ಗಿನ ಪೂರ್ವವೃತ್ತಾಂತ

ಭಾರತದ ಮನೆಗಳ ಸ್ವಿಚ್‌ಬೋರ್ಡುಗಳಲ್ಲಿ ಕಾಣುವ ಮೂರು ಗುಂಡು ರಂಧ್ರಗಳ ಸಾಕೆಟ್ ಎರಡು ಅಳತೆಗಳಲ್ಲಿ ದೊರೆಯುತ್ತದೆ. ಟಿವಿ, ಫ್ಯಾನು, ಮಿಕ್ಸಿಗಳಿಗೆ ಒದಗುವ ಸಣ್ಣದರ ಮೇಲೆ 6 ಆಂಪಿಯರ್ ಎಂದೂ, ಗೀಸರ್, ಏಸಿ, ಇಂಡಕ್ಷನ್ ಒಲೆಗಳಿಗೆ ಬೇಕಾಗುವ ದೊಡ್ಡದರ ಮೇಲೆ 16 ಆಂಪಿಯರ್ ಎಂದೂ ಅಚ್ಚಾಗಿರುತ್ತದೆ. ಆದರೆ ಅಂಗಡಿಯವರ ಮತ್ತು ವೈರಿಂಗ್ ಕೆಲಸದವರ ಬಾಯಲ್ಲಿ ಅವು ಇಂದಿಗೂ ‘ಫೈವ್ ಆಂಪ್ಸ್’ ಮತ್ತು ‘ಫಿಫ್ಟೀನ್ ಆಂಪ್ಸ್’ ಎಂದೇ ಉಳಿದಿವೆ. ಈ ಜೋಡಿಯ ಆಕಾರ, ಅಳತೆಗಳು ಬ್ರಿಟನ್ನಿನಲ್ಲಿ 1934ರಲ್ಲಿ ಗಟ್ಟಿಯಾದವು. ಅದಾದ ಹದಿಮೂರೇ ವರ್ಷಗಳಲ್ಲಿ ಬ್ರಿಟನ್ ಬೇರೊಂದು ಪ್ಲಗ್ಗಿನ ಕಡೆಗೆ ಹೊರಳಿತು, ಭಾರತ ಹಳೆಯದನ್ನು ಉಳಿಸಿಕೊಂಡಿತು. ಹೀಗೆ ಒಂದು ದೇಶ ಬಿಟ್ಟದ್ದನ್ನು ಇನ್ನೊಂದು ದೇಶ ಇಟ್ಟುಕೊಂಡದ್ದರಿಂದ ಸುರಕ್ಷತೆಯ ಹೊಣೆ ಮನೆಯ ಯಾವ ಭಾಗದ ಮೇಲೆ ಬಿದ್ದಿದೆ ಎಂಬುದು ಪ್ಲಗ್ ಬಳಸುವ ಎಲ್ಲರೂ ತಿಳಿದಿರಬೇಕಾದ ಸಂಗತಿ.

ಮೊದಲಿಗೆ ಆ ಅಂಕಿಯ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ತಂತಿಯಲ್ಲಿ ಹರಿಯುವ ವಿದ್ಯುತ್ ಪ್ರವಾಹದ ಪ್ರಮಾಣವನ್ನು ಆಂಪಿಯರ್‌ನಲ್ಲಿಯೂ, ಆ ಪ್ರವಾಹವನ್ನು ತಳ್ಳುವ ಒತ್ತಡವನ್ನು ವೋಲ್ಟ್‌ನಲ್ಲಿಯೂ ಅಳೆಯುತ್ತಾರೆ. ಇವೆರಡನ್ನು ಗುಣಿಸಿದಾಗ ಉಪಕರಣ ಬಳಸುವ ಶಕ್ತಿಯ ಪ್ರಮಾಣ ವ್ಯಾಟ್‌ನಲ್ಲಿ ಸಿಗುತ್ತದೆ. ಭಾರತದ ಮನೆಗಳಿಗೆ ಬರುವ 230 ವೋಲ್ಟ್‌ನ ಲೆಕ್ಕದಲ್ಲಿ 6 ಆಂಪಿಯರ್ ಎಂದರೆ 1380 ವ್ಯಾಟ್, 16 ಆಂಪಿಯರ್ ಎಂದರೆ 3680 ವ್ಯಾಟ್. ಪ್ಲಗ್ಗಿನ ಮೇಲಿನ ಅಂಕಿ ಅದು ತಾಳಿಕೊಳ್ಳಬಲ್ಲ ಮಿತಿಯನ್ನು ಹೇಳುತ್ತದೆಯೇ ಹೊರತು ಅದು ಎಷ್ಟು ಪ್ರವಾಹ ಒದಗಿಸುತ್ತದೆ ಎಂಬುದನ್ನಲ್ಲ, ಏಕೆಂದರೆ ಎಷ್ಟು ಎಳೆದುಕೊಳ್ಳಬೇಕೆಂಬುದನ್ನು ನಿರ್ಧರಿಸುವುದು ಉಪಕರಣ. 750 ವ್ಯಾಟ್‌ನ ಮಿಕ್ಸಿ ಸುಮಾರು 3.3 ಆಂಪಿಯರ್ ಎಳೆದರೆ 2000 ವ್ಯಾಟ್‌ನ ಗೀಸರ್ ಸುಮಾರು 8.7 ಆಂಪಿಯರ್ ಎಳೆಯುತ್ತದೆ, ಚುಚ್ಚಿದ ಪ್ಲಗ್ ಸಣ್ಣದೋ ದೊಡ್ಡದೋ ಎಂಬುದು ಗೀಸರಿಗೆ ಗೊತ್ತಾಗುವುದಿಲ್ಲ.

ಮಿತಿ ಏಕೆ ಬೇಕೆಂದರೆ, ಪ್ರವಾಹ ಹರಿದಲ್ಲೆಲ್ಲ ಶಾಖ ಹುಟ್ಟುತ್ತದೆ, ಮತ್ತು ಆ ಶಾಖ ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಪ್ರವಾಹ ಇಮ್ಮಡಿಯಾದರೆ ಶಾಖ ನಾಲ್ಮಡಿಯಾಗುತ್ತದೆ. ತಂತಿಗಿಂತಲೂ ಪಿನ್ನು ಮತ್ತು ಸಾಕೆಟ್ಟಿನೊಳಗಿನ ಹಿತ್ತಾಳೆಯ ಹಿಡಿಕೆ ಸೇರುವ ಜಾಗವೇ ದುರ್ಬಲವಾದದ್ದು. ಹಿಡಿತ ಸಡಿಲಗೊಂಡು ಅಲ್ಲಿ 0.1 ಓಮ್‌ನಷ್ಟು ಪ್ರತಿರೋಧ ಹುಟ್ಟಿತೆಂದು ಇಟ್ಟುಕೊಂಡರೆ, 6 ಆಂಪಿಯರ್ ಹರಿದಾಗ 3.6 ವ್ಯಾಟ್ ಶಾಖವೂ 16 ಆಂಪಿಯರ್ ಹರಿದಾಗ 25.6 ವ್ಯಾಟ್ ಶಾಖವೂ ಬೆರಳ ತುದಿಯಷ್ಟು ಜಾಗದಲ್ಲಿ ಕೂಡಿಕೊಳ್ಳುತ್ತದೆ, ಎರಡನೆಯದು ಬೆಸುಗೆ ಹಾಕುವ ಸಣ್ಣ ಕಡ್ಡಿಯನ್ನು ಕಾಯಿಸಲು ಸಾಲುವಷ್ಟು. ಹೆಚ್ಚು ಪ್ರವಾಹದ ಪ್ಲಗ್ಗಿಗೆ ದಪ್ಪ ಪಿನ್ನು, ಹೆಚ್ಚು ಮೇಲ್ಮೈ, ಬಿಗಿಯಾದ ಹಿಡಿತ ಬೇಕಾಗುವುದು ಇದೇ ಕಾರಣಕ್ಕೆ.

ಇಷ್ಟು ಭೌತಶಾಸ್ತ್ರ ಎಲ್ಲ ದೇಶಗಳಿಗೂ ಒಂದೇ. ಆದರೆ 5 ಮತ್ತು 15 ಎಂಬ ಎರಡು ಮೆಟ್ಟಿಲುಗಳೇ ಏಕೆ ಬಂದವು ಎಂಬುದಕ್ಕೆ ಉತ್ತರ ಭೌತಶಾಸ್ತ್ರದಲ್ಲಿಲ್ಲ, ವಿದ್ಯುತ್ ಮನೆಯೊಳಗೆ ಬಂದ ಬಗೆಯಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ವಿದ್ಯುತ್ ಎಂದರೆ ದೀಪ ಎಂದೇ ಅರ್ಥ. ಶಿವನಸಮುದ್ರದಲ್ಲಿ 1902ರಲ್ಲಿ ಆರಂಭವಾದ ಜಲವಿದ್ಯುತ್ ಉತ್ಪಾದನೆ ಮೊದಲು ಕೋಲಾರದ ಚಿನ್ನದ ಗಣಿಗಳ ಯಂತ್ರಗಳಿಗೆ ಮೀಸಲಾಗಿತ್ತಾದರೂ, 1905ರಲ್ಲಿ ಅದು ಬೆಂಗಳೂರಿಗೆ ಬಂದಾಗ ಊರಿಗೆ ಕಂಡದ್ದು ಬೀದಿದೀಪಗಳ ರೂಪದಲ್ಲಿಯೇ. ಮನೆಯೊಳಗೆ ಬಂದ ತಂತಿಯ ಕೊನೆಯಲ್ಲಿ ಇದ್ದದ್ದು ಬಲ್ಬಿನ ಹೋಲ್ಡರ್ ಮಾತ್ರ. ಇಸ್ತ್ರಿಪೆಟ್ಟಿಗೆ, ಮೇಜಿನ ಫ್ಯಾನುಗಳು ಮಾರುಕಟ್ಟೆಗೆ ಬಂದಾಗ ಜನ ಬಲ್ಬನ್ನು ಕಳಚಿ ಆ ಹೋಲ್ಡರಿಗೇ ತಂತಿ ಸಿಕ್ಕಿಸಿದರು. ಅಮೆರಿಕದಲ್ಲಿ ಹಾರ್ವೆ ಹಬೆಲ್ 1904ರಲ್ಲಿ ಪೇಟೆಂಟ್ ಪಡೆದ, ಒಂದು ಭಾಗ ಹೋಲ್ಡರಿಗೆ ತಿರುಚಿಕೊಂಡು ಇನ್ನೊಂದು ಭಾಗ ಎಳೆದರೆ ಬೇರೆಯಾಗುವ ಪ್ಲಗ್ ಹುಟ್ಟಿದ್ದೂ ಇದೇ ಅನಾನುಕೂಲದಿಂದ. ಒತ್ತಿ ತಿರುಗಿಸುವ ಬಲ್ಬುಗಳಿದ್ದ ಬ್ರಿಟನ್ನಿನಲ್ಲಿಯೂ ಭಾರತದಲ್ಲಿಯೂ ಹೋಲ್ಡರಿಗೆ ಸಿಕ್ಕಿಸುವ ಎರಡು ರಂಧ್ರಗಳ ಅಡಾಪ್ಟರ್ ಅದೇ ಕೆಲಸ ಮಾಡಿತು, ಹಳೆಯ ಅಂಗಡಿಗಳಲ್ಲಿ ಅದು ಈಗಲೂ ಸಿಗುತ್ತದೆ.

ದೀಪಕ್ಕಾಗಿ ಎಳೆದ ತೆಳು ತಂತಿಯಿಂದ ಕೊಠಡಿ ಕಾಯಿಸುವ ಹೀಟರ್ ನಡೆಸಲಾಗದು. ಜೊತೆಗೆ ಬ್ರಿಟನ್ನಿನ ವಿದ್ಯುತ್ ಕಂಪನಿಗಳು ದೀಪದ ವಿದ್ಯುತ್ತಿಗೆ ಹೆಚ್ಚು ದರವನ್ನೂ, ಶಾಖಕ್ಕೆ ಮತ್ತು ಯಂತ್ರಗಳಿಗೆ ಬಳಸುವ ವಿದ್ಯುತ್ತಿಗೆ ಕಡಿಮೆ ದರವನ್ನೂ ವಿಧಿಸುತ್ತಿದ್ದುದರಿಂದ ಒಂದೇ ಮನೆಗೆ ಎರಡು ಮೀಟರು, ಎರಡು ಬಗೆಯ ತಂತಿ ಜಾಲ ಇರುವುದು ಸಾಮಾನ್ಯವಾಯಿತು. ದೀಪದ ಜಾಲಕ್ಕೆ ಸಣ್ಣ ಪ್ಲಗ್, ಶಾಖದ ಜಾಲಕ್ಕೆ ದೊಡ್ಡ ಪ್ಲಗ್ ಎಂಬ ವಿಂಗಡಣೆ ಇದರೊಡನೆ ಚೆನ್ನಾಗಿ ಹೊಂದಿಕೊಂಡಿತು, ಏಕೆಂದರೆ ಅಳತೆ ಬೇರೆಯಾಗಿದ್ದರೆ ಹೀಟರಿನ ಪ್ಲಗ್ ದೀಪದ ಸಾಕೆಟ್ಟಿಗೆ ಹೊಗುವುದೇ ಇಲ್ಲ. ಕರ್ನಾಟಕದ ಗೃಹಬಳಕೆಯ ದರಪಟ್ಟಿಯಲ್ಲಿ ದೀಪ, ಶಾಖ ಮತ್ತು ಚಾಲಕಶಕ್ತಿಗಳ ‘ಸಂಯುಕ್ತ’ ಬಳಕೆ ಎಂಬ ಒಕ್ಕಣೆ ಬಹುಕಾಲ ಉಳಿದದ್ದಕ್ಕೂ, ಹಳೆಯ ಬಿಲ್ಲುಗಳನ್ನು ಬಲ್ಲವರು ಇಂದಿಗೂ ‘ಎಇಎಚ್ (ಆಲ್ ಎಲೆಕ್ಟ್ರಿಕ್ ಹೋಮ್) ಮೀಟರ್’ ಎನ್ನುವುದಕ್ಕೂ ಹಿನ್ನೆಲೆ ಇದೇ ವಿಂಗಡಣೆ.

ಬ್ರಿಟನ್ನಿನ ಆರಂಭದ ಪ್ಲಗ್ಗುಗಳಿಗೆ ಎರಡೇ ಪಿನ್ನುಗಳಿದ್ದವು, ಪ್ರತಿ ಕಂಪನಿಯ ಅಳತೆ ಬೇರೆಯಾಗಿತ್ತು. ಎರಡು ಪಿನ್ನಿನ ಪ್ಲಗ್ಗಿಗೆ 1915ರಲ್ಲಿ ಮೊದಲ ಮಾನಕ ಬಂದಿತು, ಕೊನೆಗೆ 1934ರಲ್ಲಿ ಬಿಎಸ್ 546 ಎಂಬ ಮಾನಕ 2, 5, 15 ಮತ್ತು 30 ಆಂಪಿಯರ್‌ಗಳ ನಾಲ್ಕು ಅಳತೆಯ ಮೂರು ಪಿನ್ ಪ್ಲಗ್ಗುಗಳನ್ನು ನಿಗದಿಪಡಿಸಿತು. ಮೂರನೆಯ ಪಿನ್ನು ಭೂಸಂಪರ್ಕದ್ದು, ಅಂದರೆ ಉಪಕರಣದ ಲೋಹದ ಕವಚವನ್ನು ನೆಲದೊಳಗೆ ಹೂಳಿದ ತಂತಿಗೆ ಜೋಡಿಸುವಂಥದ್ದು. ಒಳಗಿನ ಫೇಸ್ ತಂತಿ ಕಳಚಿ ಕವಚಕ್ಕೆ ತಗುಲಿದರೆ ಪ್ರವಾಹ ಮುಟ್ಟಿದವರ ಮೈಯ ಬದಲು ಈ ದಾರಿ ಹಿಡಿದು ನೆಲ ಸೇರುತ್ತದೆ, ಫ್ಯೂಸ್ ಹಾರುತ್ತದೆ.

ಈ ಮಾನಕದ ಜಾಣತನ ಅದರ ಅಳತೆಗಳಲ್ಲಿದೆ. 5 ಆಂಪಿಯರ್ ಪ್ಲಗ್ಗಿನ ಫೇಸ್ ಮತ್ತು ನ್ಯೂಟ್ರಲ್ ಪಿನ್ನುಗಳ ವ್ಯಾಸ ಸುಮಾರು 5.1 ಮಿಲಿಮೀಟರ್, ಅದರ ಭೂಸಂಪರ್ಕದ ಪಿನ್ನಿನ ವ್ಯಾಸ ಸುಮಾರು 7.1 ಮಿಲಿಮೀಟರ್. 15 ಆಂಪಿಯರ್ ಪ್ಲಗ್ಗಿನಲ್ಲಿ ಪ್ರವಾಹದ ಪಿನ್ನುಗಳು ಅದೇ 7.1 ಮಿಲಿಮೀಟರಿನವು, ಭೂಸಂಪರ್ಕದ್ದು 8.7 ಮಿಲಿಮೀಟರಿನದು. ಭೂಸಂಪರ್ಕದ ಪಿನ್ನು ದಪ್ಪವಾಗಿರುವುದು ಅದರಲ್ಲಿ ಹೆಚ್ಚು ಪ್ರವಾಹ ಹರಿಯುತ್ತದೆಂದಲ್ಲ, ಅದು ತಪ್ಪಿಯೂ ಫೇಸ್ ರಂಧ್ರಕ್ಕೆ ಇಳಿಯಬಾರದೆಂದು. ಅದು ಉದ್ದವಾಗಿರುವುದು ಪ್ಲಗ್ ಚುಚ್ಚುವಾಗ ಎಲ್ಲಕ್ಕಿಂತ ಮೊದಲು ಸೇರಲಿ, ಎಳೆಯುವಾಗ ಎಲ್ಲಕ್ಕಿಂತ ಕೊನೆಗೆ ಬಿಡಲಿ ಎಂದು. ಅಕ್ಷರ ಓದಲಾರದವರೂ ತಪ್ಪಾಗಿ ಬಳಸಲಾಗದಂತೆ ನಿಯಮವನ್ನು ಲೋಹದಲ್ಲಿಯೇ ಎರಕ ಹೊಯ್ದ ಈ ವ್ಯವಸ್ಥೆ ಇಪ್ಪತ್ತನೆಯ ಶತಮಾನದ ಒಳ್ಳೆಯ ವಿನ್ಯಾಸಗಳಲ್ಲಿ ಒಂದೆಂದು ಧಾರಾಳವಾಗಿ ಹೇಳಬಹುದು.

ಇಂಥದ್ದನ್ನು ಬ್ರಿಟನ್ ಕೈಬಿಟ್ಟದ್ದು ಎರಡನೆಯ ಮಹಾಯುದ್ಧದ ಕಾಲದ ಯೋಚನೆಯ ಫಲ. ಬಾಂಬಿಗೆ ಬಲಿಯಾದ ಮನೆಗಳನ್ನು ಯುದ್ಧದ ನಂತರ ಲಕ್ಷಗಟ್ಟಲೆಯಲ್ಲಿ ಮತ್ತೆ ಕಟ್ಟಬೇಕಾಗಿತ್ತು, ತಾಮ್ರ ದುರ್ಲಭವಾಗಿತ್ತು. ಮನೆಯ ವಿದ್ಯುತ್ ಜೋಡಣೆ ಹೇಗಿರಬೇಕೆಂದು ಪರಿಶೀಲಿಸಲು 1942ರಲ್ಲಿ ರಚನೆಯಾದ ಸಮಿತಿಯಲ್ಲಿ ಇದ್ದ ಏಕೈಕ ಮಹಿಳೆ, ಎಂಜಿನಿಯರ್ ಕ್ಯಾರೊಲಿನ್ ಹ್ಯಾಸ್ಲೆಟ್. ಗೃಹಿಣಿಯರಿಗೆ ವಿದ್ಯುತ್ತಿನ ಬಳಕೆಯನ್ನು ಕಲಿಸುವ ಸಂಘಟನೆಯನ್ನು ಅವರು ನಡೆಸುತ್ತಿದ್ದರು. ಸಮಿತಿಯ ವರದಿ 1944ರಲ್ಲಿ ಪ್ರಕಟವಾಯಿತು. ಪ್ರತಿ ದೊಡ್ಡ ಸಾಕೆಟ್ಟಿಗೆ ಮೇನ್ ಬೋರ್ಡಿನಿಂದ ಬೇರೆ ಬೇರೆ ತಂತಿ ಎಳೆಯುವ ಬದಲು, ಬೋರ್ಡಿನಿಂದ ಹೊರಟು ಮನೆಯ ಎಲ್ಲ ಸಾಕೆಟ್ಟುಗಳನ್ನು ಹಾದು ಮತ್ತೆ ಬೋರ್ಡಿಗೇ ಮರಳುವ ಒಂದು ಬಳೆಯಾಕಾರದ ಜಾಲವನ್ನು ಹಾಕಿದರೆ ತಾಮ್ರ ಉಳಿಯುತ್ತದೆ ಎಂಬುದು ಅಲ್ಲಿಂದ ಹೊಮ್ಮಿದ ಮುಖ್ಯ ವಿಚಾರ.

ಆದರೆ ಬಳೆಯ ಜಾಲಕ್ಕೆ ಬೋರ್ಡಿನಲ್ಲಿ ಇರುವುದು 30 ಆಂಪಿಯರ್ ಫ್ಯೂಸ್. ಮೇಜಿನ ದೀಪದ ತೆಳು ತಂತಿ ಕಾದು ಕರಗಿದರೂ ಅಂಥ ಫ್ಯೂಸ್ ಮಿಸುಕದು. ಆದ್ದರಿಂದ ಪ್ರತಿ ಪ್ಲಗ್ಗಿನ ಹೊಟ್ಟೆಯಲ್ಲಿಯೇ ಆಯಾ ಉಪಕರಣದ ತಂತಿಗೆ ತಕ್ಕ ಸಣ್ಣ ಫ್ಯೂಸ್ ಇರಬೇಕಾಯಿತು. 1947ರ ಬಿಎಸ್ 1363 ಮಾನಕದ 13 ಆಂಪಿಯರ್ ಪ್ಲಗ್ ಹುಟ್ಟಿದ್ದು ಹೀಗೆ. 240 ವೋಲ್ಟ್‌ನಲ್ಲಿ 13 ಆಂಪಿಯರ್ ಎಂದರೆ 3 ಕಿಲೋವ್ಯಾಟ್‌ಗಿಂತ ತುಸು ಹೆಚ್ಚು, ಅಂದರೆ ಒಂದು ಕೊಠಡಿಯ ಹೀಟರಿಗೆ ಸಾಕಾಗುವಷ್ಟು. ಅದರ ಪಿನ್ನುಗಳು ಆಯತಾಕಾರದವು, ಹಳೆಯ ಫ್ಯೂಸಿಲ್ಲದ ಗುಂಡು ಪಿನ್ನಿನ ಪ್ಲಗ್ ಹೊಸ ಸಾಕೆಟ್ಟಿಗೆ ಇಳಿಯಲಾರದು. ಮಕ್ಕಳ ಬೆರಳು, ಕಡ್ಡಿಗಳಿಂದ ರಕ್ಷಿಸುವ ಒಳಮುಚ್ಚಳವೂ ಅದರೊಡನೆ ಬಂದಿತು, ಉದ್ದನೆಯ ಭೂಸಂಪರ್ಕದ ಪಿನ್ನು ಒಳಹೊಕ್ಕಾಗ ಮಾತ್ರ ಆ ಮುಚ್ಚಳ ಸರಿಯುತ್ತದೆ. ಒಂದು ಚೋದ್ಯವೆಂದರೆ, ಹಳೆಯ 15 ಆಂಪಿಯರ್ ಪ್ಲಗ್ ಬ್ರಿಟನ್ನಿನ ರಂಗಮಂದಿರಗಳ ದೀಪವ್ಯವಸ್ಥೆಯಲ್ಲಿ ಇಂದಿಗೂ ಬದುಕಿದೆ. ನಾಟಕದ ನಡುವೆ ಕೈಗೆಟುಕದ ಎತ್ತರದಲ್ಲಿ ಪ್ಲಗ್ಗಿನೊಳಗಿನ ಫ್ಯೂಸ್ ಹಾರುವುದು ಅಲ್ಲಿ ಯಾರಿಗೂ ಬೇಡ.

ಭಾರತದಲ್ಲಿ ಬಳೆಯ ಜಾಲ ರೂಢಿಗೆ ಬರಲಿಲ್ಲ. ದೀಪ ಮತ್ತು ಫ್ಯಾನುಗಳಿಗೆ ಒಂದು ಜಾಲ, ಪ್ರತಿ ಪವರ್ ಪಾಯಿಂಟಿಗೆ ಮೇನ್ ಬೋರ್ಡಿನಿಂದ ನೇರ ತಂತಿ ಎಂಬ ಹಳೆಯ ಕ್ರಮವೇ ಮುಂದುವರಿಯಿತು, ಅದಕ್ಕೆ ತಕ್ಕಂತೆ ಗುಂಡು ಪಿನ್ನುಗಳೂ ಉಳಿದವು. ಐಎಸ್ 1293 ಎಂಬ ಭಾರತೀಯ ಮಾನಕ ಈ ಪ್ಲಗ್ಗುಗಳನ್ನು ವಿಧಿಸುತ್ತದೆ. 5 ಮತ್ತು 15 ಎಂಬ ಅಂಕಿಗಳು ಈ ಮಾನಕದಲ್ಲಿ 6 ಮತ್ತು 16 ಆಗಿರುವುದರ ಹಿಂದೆ ಅನಿರೀಕ್ಷಿತವಾದ ಒಂದು ಎಳೆಯಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಫ್ರೆಂಚ್ ಸೇನೆಯ ಎಂಜಿನಿಯರ್ ಚಾರ್ಲ್ಸ್ ರೆನಾರ್, ಬಲೂನುಗಳಿಗೆ ಬಳಸುತ್ತಿದ್ದ 425 ಗಾತ್ರದ ಹಗ್ಗಗಳನ್ನು 17ಕ್ಕೆ ಇಳಿಸಲು ಒಂದು ಗುಣೋತ್ತರ ಶ್ರೇಣಿಯನ್ನು ರೂಪಿಸಿದ. ಅದರಲ್ಲಿ ಪ್ರತಿ ಸಂಖ್ಯೆಯೂ ಹಿಂದಿನದರ ಸುಮಾರು 1.6 ಪಟ್ಟು, ಐದು ಹೆಜ್ಜೆಗಳಲ್ಲಿ ಸಂಖ್ಯೆ ಹತ್ತು ಪಟ್ಟಾಗುತ್ತದೆ. ಅಂತರರಾಷ್ಟ್ರೀಯ ವಿದ್ಯುತ್ ಮಾನಕಗಳು ಒಪ್ಪಿಕೊಂಡ 6, 10, 16, 25, 40, 63 ಎಂಬ ಆಂಪಿಯರ್ ಸಾಲು ಈ ಶ್ರೇಣಿಯದೇ ದುಂಡಗೊಳಿಸಿದ ರೂಪ. ಮೇನ್ ಬೋರ್ಡಿನ ಎಂಸಿಬಿಗಳ ಮೇಲೆ, ಅಂದರೆ ಪ್ರವಾಹ ಮಿತಿಮೀರಿದಾಗ ತಾನಾಗಿ ಬೀಳುವ ಸ್ವಿಚ್ಚುಗಳ ಮೇಲೆ, ಇದೇ ಅಂಕಿಗಳು ಕಾಣುತ್ತವೆ.

ಬೇರೆ ದೇಶಗಳ ದಾರಿ ಬೇರೆ. ಜರ್ಮನಿಯಲ್ಲಿ ಆಲ್ಬರ್ಟ್ ಬ್ಯೂಟ್ನರ್ 1926ರಲ್ಲಿ ಪೇಟೆಂಟ್ ಪಡೆದ ಶುಕೊ ಪ್ಲಗ್ ಭೂಸಂಪರ್ಕವನ್ನು ಅಂಚಿನ ಲೋಹದ ಪಟ್ಟಿಗಳ ಮೂಲಕ ಕೊಡುತ್ತದೆ ಮತ್ತು 16 ಆಂಪಿಯರ್ ತಾಳುತ್ತದೆ. ಯುರೋಪಿನ ಚಪ್ಪಟೆ ದೇಹದ ಎರಡು ಪಿನ್ನಿನ ಸಣ್ಣ ಪ್ಲಗ್ಗಿನ ಮಿತಿ 2.5 ಆಂಪಿಯರ್ ಮಾತ್ರ. ಅಮೆರಿಕದ ಸಾಮಾನ್ಯ ಪ್ಲಗ್ 15 ಆಂಪಿಯರ್ ತಾಳುತ್ತದಾದರೂ ಅಲ್ಲಿನ ಒತ್ತಡ 120 ವೋಲ್ಟ್ ಆದುದರಿಂದ 1800 ವ್ಯಾಟ್‌ಗೇ ನಿಲ್ಲುತ್ತದೆ. ಕೊಲ್ಲಿ ರಾಷ್ಟ್ರಗಳಲ್ಲಿ ಬ್ರಿಟನ್ನಿನ 13 ಆಂಪಿಯರ್ ಪ್ಲಗ್ ವ್ಯಾಪಕವಾಗಿರುವುದರಿಂದ, ದುಬೈಯಲ್ಲಿ ದುಡಿದು ಬಂದವರಿರುವ ಮಂಗಳೂರು, ಭಟ್ಕಳಗಳ ಮನೆಗಳಲ್ಲಿ ಆಯತಾಕಾರದ ಪಿನ್ನಿನ ಇಸ್ತ್ರಿಪೆಟ್ಟಿಗೆ, ಕೆಟಲ್‌ಗಳು ಅಪರೂಪವಲ್ಲ. ಅವುಗಳನ್ನು ಅಡಾಪ್ಟರ್ ಮೂಲಕ 6 ಆಂಪಿಯರ್ ಸಾಕೆಟ್ಟಿಗೆ ಚುಚ್ಚುವವರು ಒಂದು ಮಾತು ಗಮನಿಸಬೇಕು: ಪ್ಲಗ್ಗಿನೊಳಗಿನ 13 ಆಂಪಿಯರ್ ಫ್ಯೂಸ್ ಉಪಕರಣದ ತಂತಿಯನ್ನು ಕಾಯುತ್ತದೆ, ಗೋಡೆಯ ಸಾಕೆಟ್ಟನ್ನಲ್ಲ. 3000 ವ್ಯಾಟ್‌ನ ಕೆಟಲ್ ಹಾಗೆ ಚುಚ್ಚಿದರೆ ಫ್ಯೂಸ್ ಸುಮ್ಮನಿರುತ್ತದೆ, ಸಾಕೆಟ್ ಬಿಸಿಯೇರುತ್ತದೆ.

ಪ್ಲಗ್ಗಿನಲ್ಲಿ ಫ್ಯೂಸಿಲ್ಲದ ಭಾರತೀಯ ವ್ಯವಸ್ಥೆ ನಿಂತಿರುವುದು ಎರಡು ಆಧಾರಗಳ ಮೇಲೆ: ಅಳತೆಯ ವ್ಯತ್ಯಾಸ ಮತ್ತು ಬೋರ್ಡಿನ ಎಂಸಿಬಿ. ಮೊದಲನೆಯ ಆಧಾರವನ್ನು ಎರಡೂ ಅಳತೆಯ ರಂಧ್ರಗಳನ್ನು ಒಂದೇ ಮುಖದ ಮೇಲೆ ಕೊರೆದ ಜೋಡು ಸಾಕೆಟ್ ಸಡಿಲಿಸಿತು, ಅಂಗಡಿಗಳಲ್ಲಿ ಅಗ್ಗವಾಗಿ ಸಿಗುವ ದೊಡ್ಡದರಿಂದ ಸಣ್ಣದಕ್ಕೆ ಬದಲಿಸುವ ಕನ್ವರ್ಟರ್ ಪ್ಲಗ್ ಅದನ್ನು ಪೂರ್ತಿ ಕಿತ್ತುಹಾಕಿತು. 16 ಆಂಪಿಯರ್‌ಗೆ ತಕ್ಕ ತಂತಿಯ ಮೇಲೆ ಕೂರಿಸಿದ ಜೋಡು ಸಾಕೆಟ್ ಅನುಕೂಲದ ವಸ್ತುವೇ ಸರಿ. ಹಳೆಯ ದೀಪದ ಜಾಲದ 1 ಅಥವಾ 1.5 ಚದರ ಮಿಲಿಮೀಟರ್ ತಂತಿಗೆ ಅದನ್ನು ಸಿಕ್ಕಿಸಿದಾಗ ಮಾತ್ರ ಅದು ಗೋಡೆಯ ಮೇಲೆ ಬರೆದ ಸುಳ್ಳಾಗುತ್ತದೆ. 2000 ವ್ಯಾಟ್‌ನ ಗೀಸರನ್ನು ಕನ್ವರ್ಟರ್ ಮೂಲಕ 6 ಆಂಪಿಯರ್ ಸಾಕೆಟ್ಟಿಗೆ ಚುಚ್ಚಿದರೆ ಅದರ ಸಂಪರ್ಕಗಳಲ್ಲಿ ಹುಟ್ಟುವ ಶಾಖ ಮಿತಿಯ ಎರಡು ಪಟ್ಟನ್ನು ಮೀರುತ್ತದೆ.

ಎರಡನೆಯ ಆಧಾರದ ಮೇಲೂ ಅತಿಯಾದ ಭರವಸೆ ಸಲ್ಲದು. ಮಾನಕದ ಪ್ರಕಾರ ಎಂಸಿಬಿ ತನ್ನ ಅಂಕಿಯ 1.13 ಪಟ್ಟು ಪ್ರವಾಹವನ್ನು ಒಂದು ಗಂಟೆ ಬೀಳದೆ ತಡೆದುಕೊಳ್ಳಬೇಕು, 1.45 ಪಟ್ಟಾದರೆ ಒಂದು ಗಂಟೆಯೊಳಗೆ ಬೀಳಬೇಕು. ಅಂದರೆ 16 ಆಂಪಿಯರ್ ಎಂಸಿಬಿ 18 ಆಂಪಿಯರ್ ಹರಿದರೂ ಅಲುಗದು. ಎಂಸಿಬಿ ಪದೇ ಪದೇ ಬೀಳುತ್ತದೆಂದು 10ರ ಜಾಗದಲ್ಲಿ 20 ಹಾಕಿಸಿಕೊಂಡರೆ ಕಾವಲುಗಾರನನ್ನೇ ಮಲಗಿಸಿದಂತಾಗುತ್ತದೆ. ಸಾಕೆಟ್ಟಿನ ಹಿಡಿತ ಸಡಿಲವಾಗಿ ಹುಟ್ಟುವ ಶಾಖವನ್ನಂತೂ ಯಾವ ಎಂಸಿಬಿಯೂ ಕಾಣಲಾರದು, ಅಲ್ಲಿ ಹರಿಯುತ್ತಿರುವ ಪ್ರವಾಹ ಮಿತಿಯೊಳಗೇ ಇರುತ್ತದೆ.

ಆದ್ದರಿಂದ ಹೊಸ ಉಪಕರಣ ಕೊಳ್ಳುವವರು ಅದರ ವ್ಯಾಟ್ ಅಂಕಿಯನ್ನು 230ರಿಂದ ಭಾಗಿಸಿ ನೋಡಬೇಕು. ಉತ್ತರ 6ನ್ನು ದಾಟಿದರೆ ಕನ್ವರ್ಟರ್, ಎಕ್ಸ್‌ಟೆನ್ಷನ್ ಬೋರ್ಡುಗಳ ಯೋಚನೆ ಬಿಡಬೇಕು. ಹಳೆಯ ಮನೆಯಲ್ಲಿ 16 ಆಂಪಿಯರ್ ಸಾಕೆಟ್ ಹಾಕಿಸುವವರು ಅದರ ಹಿಂದೆ ಮೇನ್ ಬೋರ್ಡಿನಿಂದ ನೇರವಾಗಿ ಬಂದ 4 ಚದರ ಮಿಲಿಮೀಟರ್ ತಾಮ್ರದ ತಂತಿಯೂ ಭೂಸಂಪರ್ಕದ ತಂತಿಯೂ ಇವೆಯೇ ಎಂಬುದನ್ನು ಬೋರ್ಡ್ ಬಿಚ್ಚಿಸಿಯೇ ಖಾತ್ರಿ ಮಾಡಿಕೊಳ್ಳಬೇಕು. ಮುಟ್ಟಿದರೆ ಬಿಸಿಯೆನಿಸುವ, ರಂಧ್ರಗಳ ಸುತ್ತ ಕಂದುಗಟ್ಟಿದ ಸಾಕೆಟ್ಟನ್ನು ಅಂದೇ ಬದಲಾಯಿಸಬೇಕು.