ಎರಡು ಪೆಟ್ಟಿಗೆಗಳ ನಡುವೆ ಹಾಡುವವರು ಯಾರು?

ಬಯಲಾಟಕ್ಕೆ ಹೋದವರು ಇದನ್ನು ಗಮನಿಸಿರಬಹುದು. ಭಾಗವತರು ಕುಳಿತು ಹಾಡುವುದು ರಂಗಸ್ಥಳದಲ್ಲಿ. ಹಾಡು ಕೇಳಿಸುವುದು ಬದಿಯ ಕಂಬಕ್ಕೆ ಕಟ್ಟಿದ ಧ್ವನಿವರ್ಧಕದಿಂದ. ಕಣ್ಣು ಒಂದು ಕಡೆ, ಕಿವಿ ಇನ್ನೊಂದು ಕಡೆ. ನಾವು ಅದಕ್ಕೆ ಒಗ್ಗಿಹೋಗಿದ್ದೇವೆ.

ಇಂಗ್ಲೆಂಡಿನ ಅಲನ್ ಬ್ಲಮ್‌ಲೈನ್ ಎಂಬ ಇಂಜಿನಿಯರನಿಗೆ ಮಾತ್ರ ಇದು ಒಗ್ಗಲಿಲ್ಲ. ಮುಂದೆ ತನ್ನ ಪತ್ನಿಯಾದಾಕೆಯೊಡನೆ ಸಿನಿಮಾ ನೋಡಲು ಹೋದಾಗ, ನಟ ಪರದೆಯ ಒಂದು ತುದಿಯಲ್ಲಿದ್ದರೂ ಮಾತು ಬೇರೆಲ್ಲಿಂದಲೋ ಬರುತ್ತಿದ್ದುದು ಆತನನ್ನು ಕಾಡಿತಂತೆ. ಇ.ಎಂ.ಐ. ಕಂಪೆನಿಯಲ್ಲಿದ್ದ ಆತ 1931ರ ದಶಂಬರದಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಆಗ ವಯಸ್ಸು 28. ಇಂದಿನ ಸ್ಟೀರಿಯೋ ವಿದ್ಯೆಯ ಬಹುಪಾಲು ಆ ಅರ್ಜಿಯಲ್ಲೇ ಇದೆ. (ಸ್ಟೀರಿಯೋ ಎಂದರೆ ‘ಎರಡು’ ಎಂದು ಹಲವರ ತಿಳುವಳಿಕೆ. ಗ್ರೀಕ್ ಮೂಲದಲ್ಲಿ ಅದರ ಅರ್ಥ ‘ಘನವಾದುದು’.)

ಮೊದಲು ನಮ್ಮ ಕಿವಿಯ ವಿಚಾರ. ಎಡಗಡೆ ಯಾರಾದರೂ ಕೂಗಿದರೆ ಆ ಸದ್ದು ಎಡಗಿವಿಗೆ ಮೊದಲು ತಲಪುತ್ತದೆ, ಬಲಗಿವಿಗೆ ತುಸು ತಡವಾಗಿ. ಈ ತಡ ಹೆಚ್ಚೆಂದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ಮುಕ್ಕಾಲಿಗೂ ಕಡಿಮೆ. ಇಷ್ಟರಿಂದಲೇ ಮೆದುಳು ದಿಕ್ಕನ್ನು ಲೆಕ್ಕ ಹಾಕಿಬಿಡುತ್ತದೆ. ಕೀರಲು ಸ್ವರಗಳಾದರೆ ತಲೆಯೇ ಅಡ್ಡವಾಗಿ ನಿಂತು, ಆಚೆಯ ಕಿವಿಗೆ ಸದ್ದು ಕ್ಷೀಣವಾಗಿ ಮುಟ್ಟುತ್ತದೆ.

ಈಗ ಎರಡು ಪೆಟ್ಟಿಗೆಗಳನ್ನು ಎದುರಿಗಿಟ್ಟು ಕುಳಿತುಕೊಳ್ಳೋಣ. ಎಡಪೆಟ್ಟಿಗೆ ಎಡಗಿವಿಗೆ ಮಾತ್ರ, ಬಲಪೆಟ್ಟಿಗೆ ಬಲಗಿವಿಗೆ ಮಾತ್ರ ಎಂದು ತಿಳಿದರೆ ತಪ್ಪು. ಪ್ರತಿ ಕಿವಿಯೂ ಎರಡನ್ನೂ ಕೇಳುತ್ತದೆ. ಗುಟ್ಟು ಇರುವುದೇ ಅಲ್ಲಿ. ಒಂದೇ ಹಾಡು ಎಡದಿಂದ ಜೋರಾಗಿ, ಬಲದಿಂದ ಮೆಲ್ಲಗೆ ಬರುತ್ತಿದೆ ಎನ್ನಿ. ಎಡಗಿವಿಗೆ ಮೊದಲು ಮುಟ್ಟುವುದು ಜೋರಿನ ಸದ್ದು, ಬಳಿಕ ಮೆಲ್ಲಗಿನದು. ಬಲಗಿವಿಗೆ ಮೊದಲು ಮೆಲ್ಲಗಿನದು, ಜೋರಿನದು ತಡವಾಗಿ. ಹೀಗೆ ಬೆರೆತ ಸದ್ದು ಎಡಗಿವಿಯಲ್ಲಿ ತುಸು ಮುಂದು, ಬಲಗಿವಿಯಲ್ಲಿ ತುಸು ಹಿಂದು. ಪೆಟ್ಟಿಗೆಗಳಲ್ಲಿದ್ದದ್ದು ಬರೀ ಜೋರಿನ ವ್ಯತ್ಯಾಸ. ಕಿವಿಯಲ್ಲಿ ಅದು ಸಮಯದ ವ್ಯತ್ಯಾಸವಾಯಿತು! ಮೆದುಳು ಮೋಸ ಹೋಗಿ, ಗಾಯಕ ನಡುವಿಗಿಂತ ಸ್ವಲ್ಪ ಎಡಕ್ಕೆ ನಿಂತಿದ್ದಾನೆ ಎನ್ನುತ್ತದೆ. ಎರಡೂ ಸಮನಾಗಿದ್ದರೆ ಗಾಯಕ ನಟ್ಟ ನಡುವೆ, ಪೆಟ್ಟಿಗೆಯೇ ಇಲ್ಲದ ಖಾಲಿ ಜಾಗದಲ್ಲಿ.

ಬ್ಲಮ್‌ಲೈನ್ 1934ರಲ್ಲಿ ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ಮೊಜಾರ್ಟನ ಕೃತಿಯೊಂದನ್ನು ಹೀಗೆ ಮುದ್ರಿಸಿದ. ಆದರೆ ಕಂಪೆನಿ ಮುಂದುವರಿಸಲಿಲ್ಲ. 1942ರ ಜೂನ್‌ನಲ್ಲಿ ಯುದ್ಧಕಾಲದ ರೇಡಾರ್ ಪರೀಕ್ಷೆಯ ವಿಮಾನ ಬಿದ್ದು ಆತ ತೀರಿಕೊಂಡ. ಸ್ಟೀರಿಯೋ ಧ್ವನಿಮುದ್ರಿಕೆಗಳು ಅಂಗಡಿಗಳಲ್ಲಿ ಹರಡಿದ್ದು 1958ರ ಸುಮಾರಿಗೆ.

ಈ ಮಾಯೆ ಬಹಳ ನಾಜೂಕಿನದು. ನಡುವಿನಿಂದ ಸರಿದು ಒಂದು ಪೆಟ್ಟಿಗೆಗೆ ಒಂದಡಿ ಹತ್ತಿರವಾದರೆ ಸಾಕು, ಅದರ ಸದ್ದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಮೊದಲೇ ಬರುತ್ತದೆ. ಮೊದಲು ಬಂದವರಿಗೆ ಮಣೆ ಹಾಕುವುದು ಕಿವಿಯ ಸ್ವಭಾವ. ಗಾಯಕ ಆ ಪೆಟ್ಟಿಗೆಯೊಳಗೇ ಹೊಕ್ಕುಬಿಡುತ್ತಾನೆ. ಗೋಡೆಗೆ ಬಡಿದು ತಡವಾಗಿ ಬರುವ ಸದ್ದು ನಮ್ಮನ್ನು ಅಷ್ಟಾಗಿ ದಿಕ್ಕು ತಪ್ಪಿಸದಿರುವುದಕ್ಕೂ ಇದೇ ಕಾರಣ. ಆದರೂ ಬರಿಯ ಗೋಡೆ, ಬರಿಯ ನೆಲದ ಚಾವಡಿಯಲ್ಲಿ ಎಲ್ಲವೂ ಕಲಸಿದಂತಾಗುವುದುಂಟು. ಒಂದು ಜಮಖಾನೆ, ದಪ್ಪ ಪರದೆ ಹಾಕಿದರೆ ವ್ಯತ್ಯಾಸ ತಿಳಿಯುತ್ತದೆ.

ನಮ್ಮ ಪರಿಚಿತರೊಬ್ಬರು ಸಾಲ ಮಾಡಿ ತಂದ ಎರಡು ಪೆಟ್ಟಿಗೆಗಳನ್ನು ಒಂದೇ ಕಪಾಟಿನ ಮೇಲೆ, ಒಂದಕ್ಕೊಂದು ತಾಗಿಸಿ ಇಟ್ಟಿದ್ದರು. ‘ರೇಡಿಯೋಕ್ಕೂ ಇದಕ್ಕೂ ಏನು ಫರಕು ಮಾರಾಯ್ರೇ?’ ಎಂದು ಅವರ ದೂರು. ಪೆಟ್ಟಿಗೆಗಳ ನಡುವೆ ಆರೇಳು ಅಡಿ ಬಿಟ್ಟು, ಅಷ್ಟೇ ದೂರದಲ್ಲಿ ಕುರ್ಚಿ ಹಾಕಿದೆವು, ಮೂರು ಬದಿ ಸಮನಾದ ತ್ರಿಕೋನದಂತೆ. ಆಗಲೂ ಗಾಯಕನಿಗೆ ನೆಲೆಯೇ ಇಲ್ಲ. ನೋಡಿದರೆ ಒಂದು ಪೆಟ್ಟಿಗೆಯ ಕೆಂಪು, ಕಪ್ಪು ತಂತಿಗಳು ಅದಲುಬದಲಾಗಿದ್ದವು! ಒಂದು ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆಳೆಯುತ್ತಿತ್ತು. ತಂತಿ ಸರಿಪಡಿಸಿದ ಮೇಲೆ ಅವರು ಎದ್ದುಹೋಗಿ, ಎರಡೂ ಪೆಟ್ಟಿಗೆಗಳ ನಡುವಿನ ಖಾಲಿ ಗೋಡೆಯನ್ನು ಕೈಯಿಂದ ತಟ್ಟಿ ನೋಡಿದರು.