ಭೌತಚಿಕಿತ್ಸೆಯ ವ್ಯಾಸಂಗಕ್ಕೆ ಪೂರ್ವಸಿದ್ಧತೆ

ಕೋಲಾರ ತಾಲ್ಲೂಕಿನ ಹೋಳೂರಿನ ಕಡೆ ಟೊಮ್ಯಾಟೊ ಕೊಯ್ಲಿನ ಕಾಲದಲ್ಲಿ ಹೊಲದ ಬದುವಿನ ಮೇಲೆ ನಿಂತು ನೋಡಿ. ಆಳು ಸೊಂಟ ಬಗ್ಗಿಸಿ, ಕೈಗಳನ್ನು ಮುಂದಕ್ಕೆ ಚಾಚಿ, ಮಾರುಕಟ್ಟೆಗೆ ಹೋಗಬೇಕಾದ ಪೆಟ್ಟಿಗೆಯನ್ನು ಎತ್ತುತ್ತಾನೆ. ತುಂಬಿದ ಪೆಟ್ಟಿಗೆಯ ತೂಕ ಸುಮಾರು 15 ಕಿಲೋಗ್ರಾಂ. ಅವನ ಬೆನ್ನಿನ ಮೇಲೆ ಬೀಳುವ ಹೊರೆಯೂ ಅಷ್ಟೆಯೇ?

ಪ್ರೌಢಶಾಲೆಯಲ್ಲಿ ಕಲಿತ ಸನ್ನೆಯ ನಿಯಮವನ್ನು ಇಲ್ಲಿ ಅನ್ವಯಿಸೋಣ. ಸೊಂಟದ ಎರಡು ಕಶೇರುಗಳ ನಡುವಿನ ಮೆತ್ತೆಯೇ ಆಧಾರಬಿಂದು. ಬೆನ್ನಿನ ಸ್ನಾಯುಗಳು ಅದರ ಹಿಂದೆ ಸುಮಾರು 5 ಸೆಂಟಿಮೀಟರ್ ದೂರದಲ್ಲಿ ಎಳೆಯುತ್ತವೆ. ಪೆಟ್ಟಿಗೆಯು 40 ಸೆಂಟಿಮೀಟರ್ ಮುಂದಿದೆಯೆಂದು ಇಟ್ಟುಕೊಳ್ಳಿ. 15ನ್ನು 40ರಿಂದ ಗುಣಿಸಿ 5ರಿಂದ ಭಾಗಿಸಿದರೆ 120 ಬರುತ್ತದೆ. ಎಂದರೆ ಪೆಟ್ಟಿಗೆಯೊಂದಕ್ಕಾಗಿಯೇ ಸ್ನಾಯುಗಳು 120 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲವನ್ನು ಹಾಕಬೇಕು. ಬಗ್ಗಿದ ಮುಂಡದ ಭಾರ ಬೇರೆ! ಅದೇ ಪೆಟ್ಟಿಗೆಯನ್ನು ಮೈಗೆ ಹತ್ತಿರ, 20 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಈ ಬಲ 60ಕ್ಕೆ ಇಳಿಯುತ್ತದೆ. ಔಷಧವಿಲ್ಲ, ಶಸ್ತ್ರವಿಲ್ಲ, ಅರ್ಧ ಹೊರೆ ಮಾಯವಾಯಿತು.

ಜನರು ಫಿಸಿಯೋಥೆರಪಿ ಎಂದು ಕರೆಯುವ ಭೌತಚಿಕಿತ್ಸೆಯ ತಿರುಳು ಇಂತಹ ಲೆಕ್ಕದಲ್ಲಿ ಅಡಗಿದೆ. ಯುದ್ಧದ ಗಾಯಾಳುಗಳನ್ನೂ ಪೋಲಿಯೊ ಪೀಡಿತ ಮಕ್ಕಳನ್ನೂ ಮತ್ತೆ ನಡೆಸುವ ಪ್ರಯತ್ನದಲ್ಲಿ ಈ ಶಾಸ್ತ್ರ ಬೆಳೆಯಿತು. ಇದನ್ನು ಕಲಿಯಬಯಸುವವರು ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದಿರಬೇಕು. ಆದರೆ ಜೀವಶಾಸ್ತ್ರವನ್ನು ಉರುಹೊಡೆದು, ಭೌತಶಾಸ್ತ್ರವನ್ನು ಹೇಗೋ ದಾಟಿದರೆ ಸಾಕೆಂದು ತಿಳಿಯುವ ವಿದ್ಯಾರ್ಥಿಗಳು ಬಹಳ ಮಂದಿ. ವೈದ್ಯಕೀಯದಲ್ಲಿ ಸ್ಥಾನ ಸಿಗದವರಿಗೆ ಇದೊಂದು ಸುಲಭದ ದಾರಿ ಎಂಬ ಮಾತೂ ಉಂಟು. ಎರಡೂ ತಪ್ಪು. ಮೊದಲ ವರ್ಷದ ಅಂಗರಚನಾಶಾಸ್ತ್ರದಲ್ಲಿ ಸ್ನಾಯುವಿನ ಹೆಸರು ಕಂಠಪಾಠವಾದರೆ ಸಾಲದು. ಅದು ಎಲ್ಲಿ ಅಂಟಿಕೊಂಡಿದೆ, ಯಾವ ಕೀಲನ್ನು ಯಾವ ಕಡೆಗೆ ತಿರುಗಿಸುತ್ತದೆ ಎಂಬುದು ತಿಳಿಯಬೇಕು.

ಇದನ್ನು ಈಗಲೇ ಅಭ್ಯಾಸ ಮಾಡಬಹುದು. ನಿಮ್ಮ ಜಾಮಿಟ್ರಿ ಪೆಟ್ಟಿಗೆಯ ಕೋನಮಾಪಕವನ್ನು ಸ್ನೇಹಿತನ ಮೊಣಕೈಗೆ ಹಿಡಿದು, ಪೂರ್ತಿ ಮಡಿಸಿದಾಗ ಎಷ್ಟು ಅಂಶ ಬಗ್ಗುತ್ತದೆ ಎಂದು ಅಳೆಯಿರಿ. ಸಾಮಾನ್ಯವಾಗಿ 140ರಿಂದ 150 ಅಂಶ ಬರುತ್ತದೆ. ಮೂರು ಸಲ ಅಳೆದರೆ ಮೂರು ಉತ್ತರ ಬಂದೀತು! ಅಳತೆಯ ದೋಷವೆಂದರೇನು ಎಂಬುದು ಆಗ ಮನದಟ್ಟಾಗುತ್ತದೆ.

ರಸಾಯನಶಾಸ್ತ್ರವನ್ನೂ ಕಡೆಗಣಿಸುವಂತಿಲ್ಲ. ಕೋಲಾರ ಜಿಲ್ಲೆಯ ಅನೇಕ ಹಳ್ಳಿಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಬಹುಕಾಲ ಅಂತಹ ನೀರನ್ನು ಕುಡಿದವರ ಬೆನ್ನೆಲುಬು ಸೆಟೆದುಕೊಳ್ಳಬಹುದು. ಅಲ್ಲಿ ವ್ಯಾಯಾಮವನ್ನಷ್ಟೇ ಹೇಳಿ ನೀರನ್ನು ವಿಚಾರಿಸದ ಚಿಕಿತ್ಸಕನು ಅರ್ಧ ಕೆಲಸ ಮಾಡಿದಂತೆ.

ಪದವಿಗೆ ನಾಲ್ಕು ವರ್ಷಕ್ಕೂ ಮಿಗಿಲಾದ ಓದು ಬೇಕು. ಅನಂತರ ಎರಡು ವರ್ಷದ ಸ್ನಾತಕೋತ್ತರ ವ್ಯಾಸಂಗ. ಅಲ್ಲಿ ಸ್ವಂತ ಸಂಶೋಧನೆಯ ಪ್ರಬಂಧ ಬರೆಯಬೇಕಾದ್ದರಿಂದ ಸಂಖ್ಯಾಶಾಸ್ತ್ರವಿಲ್ಲದೆ ಹೆಜ್ಜೆ ಮುಂದೆ ಸಾಗದು. ಪೆಟ್ಟಿಗೆಯನ್ನು ಮೈಗೆ ಹತ್ತಿರ ಹಿಡಿಯಲು ಕಲಿಸಿದರೆ ಕೂಲಿಗಾರರ ಬೆನ್ನುನೋವು ನಿಜವಾಗಿ ಕಡಿಮೆಯಾದೀತೇ? ಎಷ್ಟು ಜನರನ್ನು, ಎಷ್ಟು ತಿಂಗಳು, ಯಾರೊಡನೆ ಹೋಲಿಸಿ ನೋಡಬೇಕು? ಹೋಳೂರಿನ ಹೊಲದಿಂದಲೇ ಇಂತಹ ಪ್ರಬಂಧವೊಂದು ಆರಂಭವಾಗಬಹುದು.