ತಂತ್ರಾಂಶ ಒಂದೇ ಇರಲಿ, ಪಂಚಾಯಿತಿಯ ಡೇಟಾಬೇಸ್ ಪ್ರತ್ಯೇಕವಾಗಿರಲಿ



ನೀರಿನ ಕರ, ಮಳಿಗೆ ಬಾಡಿಗೆ ಮುಂತಾದವುಗಳ ವಸೂಲಿಗಾಗಿ ಖಾಸಗಿ ತಂತ್ರಾಂಶ ಪಡೆಯುವ ಪ್ರಸ್ತಾವನೆಗಳು ಸಾಮಾನ್ಯ ಸಭೆಯ ಮುಂದೆ ಬರುವುದುಂಟು. ಆಗ ದರವನ್ನಷ್ಟೇ ಅಲ್ಲದೆ, ನಮ್ಮ ದಾಖಲೆಗಳನ್ನು ಎಲ್ಲಿ ಮತ್ತು ಹೇಗೆ ಇರಿಸಲಾಗುವುದು ಎಂಬುದನ್ನೂ ಪರಿಶೀಲಿಸುವುದು ಅವಶ್ಯ.

ಒಂದು ತಂತ್ರಾಂಶವನ್ನು ಹಲವು ಪಂಚಾಯಿತಿಗಳು ಬಳಸುವಾಗ ದಾಖಲೆಗಳನ್ನು ಮುಖ್ಯವಾಗಿ ಎರಡು ವಿಧದಲ್ಲಿ ಇರಿಸಬಹುದು. ಮೊದಲನೆಯದು ಎಲ್ಲರಿಗೂ ಸೇರಿದ ಒಂದೇ ಡೇಟಾಬೇಸ್. ಇದು ಹಲವು ಪಂಚಾಯಿತಿಗಳ ಬೇಡಿಕೆ, ವಸೂಲಿ, ಬಾಕಿಯನ್ನು ಒಂದೇ ವಹಿಯಲ್ಲಿ ಬರೆದು, ಪ್ರತಿ ಸಾಲಿನ ಮುಂದೆ ಪಂಚಾಯಿತಿಯ ಸಂಕೇತ ಸಂಖ್ಯೆ ನಮೂದಿಸಿದಂತೆ. ಎರಡನೆಯದು ಪ್ರತಿ ಪಂಚಾಯಿತಿಗೂ ಪ್ರತ್ಯೇಕ ಡೇಟಾಬೇಸ್; ಅಂದರೆ ಅವರವರ ವಹಿ ಅವರವರ ಬೀರುವಿನಲ್ಲಿ.

ಮೊದಲ ವಿಧದಲ್ಲಿ ತಂತ್ರಾಂಶವು ಪ್ರತಿ ಬಾರಿಯೂ ಸಂಕೇತ ಸಂಖ್ಯೆಯನ್ನು ನೋಡಿಯೇ ಸಾಲುಗಳನ್ನು ಆಯಬೇಕು. ಒಂದು ಕಡೆ ಈ ಷರತ್ತು ಬಿಟ್ಟುಹೋದರೂ ಬೇರೆಯವರ ದಾಖಲೆ ಹೊರಬೀಳುತ್ತದೆ. ನಾನು ಹಿಂದೆ ಸೇವೆ ಸಲ್ಲಿಸಿದ ಪಂಚಾಯಿತಿಯಲ್ಲಿ ಮುದ್ರಿಸಿದ ಬಾಕಿದಾರರ ಪಟ್ಟಿಯಲ್ಲಿ ಮತ್ತೊಂದು ಪಂಚಾಯಿತಿಯ ಕುಟುಂಬಗಳ ಹೆಸರು, ಮೊಬೈಲ್ ಸಂಖ್ಯೆಗಳೂ ಬಂದಿದ್ದವು. ಸೂಚನಾ ಫಲಕಕ್ಕೆ ಅಂಟಿಸುವ ಮುನ್ನ ಕರ ವಸೂಲಿಗಾರರು ಗಮನಿಸಿದ್ದರಿಂದ ಮುಜುಗರ ತಪ್ಪಿತು.

ಬ್ಯಾಕಪ್ ವಿಷಯವೂ ಮುಖ್ಯ. ಆಪರೇಟರ್ ಕೈತಪ್ಪಿನಿಂದ ದಾಖಲೆಗಳು ಅಳಿಸಿಹೋದರೆ, ಪ್ರತ್ಯೇಕ ಡೇಟಾಬೇಸ್ ಇದ್ದಲ್ಲಿ ನಮ್ಮದನ್ನು ಮಾತ್ರ ನಿನ್ನೆಯ ಸ್ಥಿತಿಗೆ ಮರಳಿಸಬಹುದು. ಒಂದೇ ಡೇಟಾಬೇಸ್ ಆದರೆ ಇತರ ಪಂಚಾಯಿತಿಗಳ ಇಂದಿನ ಪಾವತಿಗಳು ಅಳಿಯದಂತೆ ನಮ್ಮ ಸಾಲುಗಳನ್ನಷ್ಟೇ ಹೆಕ್ಕಿ ತೆಗೆಯಬೇಕಾಗುತ್ತದೆ.

ಪ್ರತ್ಯೇಕತೆಗೆ ಬೆಲೆಯೂ ಉಂಟು. ತಂತ್ರಾಂಶ ಬದಲಾದಾಗ ಪ್ರತಿ ಡೇಟಾಬೇಸನ್ನೂ ಬೇರೆಬೇರೆಯಾಗಿ ಪರಿಷ್ಕರಿಸಬೇಕು. ತಾಲ್ಲೂಕು ಮಟ್ಟದ ಕ್ರೋಡೀಕೃತ ವರದಿಗೆ ಎಲ್ಲ ಕಡೆಯಿಂದ ಅಂಕಿಅಂಶ ಸಂಗ್ರಹಿಸಬೇಕು. ನಿರ್ವಹಣಾ ವೆಚ್ಚ ಹೆಚ್ಚಬಹುದು. ಅಲ್ಲದೆ, ಎಲ್ಲ ಡೇಟಾಬೇಸ್‌ಗಳಿಗೂ ಒಂದೇ ಪಾಸ್‌ವರ್ಡ್ ಇದ್ದರೆ ಬೀರುಗಳು ಬೇರೆಯಾದರೂ ಬೀಗದ ಕೈ ಒಂದೇ ಆದಂತೆ.

ಆದ್ದರಿಂದ ಠರಾವು ಅಂಗೀಕರಿಸುವ ಮುನ್ನ ಸರಬರಾಜುದಾರರಿಂದ ಈ ಕೆಳಗಿನವುಗಳಿಗೆ ಲಿಖಿತ ಉತ್ತರ ಪಡೆಯುವುದು ಸೂಕ್ತ:

1. ನಮ್ಮ ಪಂಚಾಯಿತಿಗೆ ಪ್ರತ್ಯೇಕ ಡೇಟಾಬೇಸ್ ಮತ್ತು ಪ್ರತ್ಯೇಕ ಪಾಸ್‌ವರ್ಡ್ ಇರುವುದೇ? ಇಲ್ಲವಾದಲ್ಲಿ ದಾಖಲೆಗಳು ಬೆರೆಯದಂತೆ ಇರುವ ವ್ಯವಸ್ಥೆ ಏನು?

2. ನಮ್ಮ ಬ್ಯಾಕಪ್ಪನ್ನು ಮಾತ್ರ ಮರಳಿಸಲು ಸಾಧ್ಯವೇ? ಅದನ್ನು ನಮ್ಮೆದುರು ಮಾಡಿ ತೋರಿಸುವಿರಾ?

3. ಒಪ್ಪಂದ ಮುಗಿದಾಗ ನಮ್ಮ ಸಂಪೂರ್ಣ ದತ್ತಾಂಶವನ್ನು ಹಿಂದಿರುಗಿಸಿ, ನಿಮ್ಮ ಸರ್ವರ್‌ನಿಂದ ಅಳಿಸುವಿರಾ?

ಮತ್ತೊಬ್ಬರ ಮೂಲಕ ಸಂಸ್ಕರಿಸಿದರೂ ವೈಯಕ್ತಿಕ ದತ್ತಾಂಶದ ಹೊಣೆ ಅದನ್ನು ಮಾಡಿಸುವ ಸಂಸ್ಥೆಯದೇ ಎಂಬುದು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರ ಆಶಯ. ಗ್ರಾಮಸ್ಥರು ತಮ್ಮ ವಿವರಗಳನ್ನು ನೀಡುವುದು ಪಂಚಾಯಿತಿಯನ್ನು ನಂಬಿ. ಸರಬರಾಜುದಾರರನ್ನು ಅವರು ಅರಿಯರು. ಆದಕಾರಣ ಮೇಲ್ಕಂಡ ಉತ್ತರಗಳನ್ನು ಸಭಾ ನಡಾವಳಿಯಲ್ಲಿ ದಾಖಲಿಸಿ, ಒಪ್ಪಂದದ ಷರತ್ತುಗಳಲ್ಲಿ ಸೇರಿಸಲು ಕೋರಿದೆ.

– ಪಂಚಾಯಿತಿ ಅಭಿವೃದ್ಧಿ ಅಧಿಕಾರಿ